ಅರಸೊತ್ತಿಗೆಯ ಒಳಮನೆ ಹೊಕ್ಕ ಜ್ಯಾನೆಟ್ ನೆಲ್ಸನ್

ಕ್ರಿ.ಶ. 856, ಅಕ್ಟೋಬರ್ 1. ಪ್ಯಾರಿಸ್ಸಿನ ಈಶಾನ್ಯಕ್ಕೆ, ಉವಾಜ್ ನದಿಯ ದಂಡೆಯ ವೆರ್ಬೆರಿ ಅರಮನೆಯಲ್ಲಿ ಮದುವೆ. ಮದುವಣಗಿತ್ತಿ ಜೂಡಿತ್, ಪಶ್ಚಿಮ ಫ್ರಾಂಕರ ದೊರೆ ಬೋಳ ಚಾರ್ಲ್ಸನ ಮಗಳು, ಹದಿಮೂರರ ಆಸುಪಾಸಿನ ಹುಡುಗಿ. ವರ ಎಥೆಲ್‌ವುಲ್ಫ್, ಇಂಗ್ಲೆಂಡಿನ ವೆಸೆಕ್ಸ್ ರಾಜ್ಯದ ಅರಸ. ರೋಮ್ ಯಾತ್ರೆ ಮುಗಿಸಿ ಊರಿಗೆ ಮರಳುತ್ತಿದ್ದ ಅವನಿಗೆ ಪ್ರಾಯಕ್ಕೆ ಬಂದ ಗಂಡುಮಕ್ಕಳಿದ್ದರು. ರೀಮ್ಸ್‌ನ ಆರ್ಚ್‌ಬಿಷಪ್ ಹಿಂಕ್ಮಾರ್ ಹುಡುಗಿಗೆ ಪವಿತ್ರ ತೈಲದ ಅಭಿಷೇಕ ಮಾಡಿ ಕಿರೀಟ ತೊಡಿಸಿದ. ಎಥೆಲ್‌ವುಲ್ಫ್ ಅವಳಿಗೆ ರಾಣಿ ಎಂಬ ಬಿರುದನ್ನು ಕೊಟ್ಟ. ಅಲ್ಲಿಯವರೆಗೆ ವೆಸೆಕ್ಸ್‌ನಲ್ಲಿ ಅರಸನ ಹೆಂಡತಿಯನ್ನು ರಾಣಿ ಎಂದು ಕರೆಯುವ ವಾಡಿಕೆಯೇ ಇರಲಿಲ್ಲ.

ಎರಡೂ ರಾಜ್ಯಗಳ ಮೇಲೆ ವೈಕಿಂಗರು ಎರಗುತ್ತಿದ್ದ ಕಾಲವದು. ಇಬ್ಬರು ಅರಸರಿಗೂ ನಂಟಸ್ತಿಕೆ ಬೇಕಿತ್ತು. ಸಮುದ್ರ ದಾಟಿ, ತನಗಿಂತ ಹಿರಿಯ ಮಲಮಕ್ಕಳಿರುವ ಮನೆಗೆ ಹೋಗುವ ಮಗಳಿಗೆ ಅಭಿಷೇಕವೇ ರಕ್ಷೆ ಎಂದು ತವರಿನವರು ಬಗೆದಿದ್ದರೆ ಅಚ್ಚರಿಯಿಲ್ಲ. ಎರಡೇ ವರ್ಷಕ್ಕೆ ಎಥೆಲ್‌ವುಲ್ಫ್ ತೀರಿಕೊಂಡ. ಜೂಡಿತ್‌ಳನ್ನು ಅವನ ಮಗ ಎಥೆಲ್‌ಬಾಲ್ಡ್ ಮದುವೆಯಾದ. 860ರಲ್ಲಿ ಅವನೂ ಸತ್ತ. ಜೂಡಿತ್ ತನ್ನ ಆಸ್ತಿಯನ್ನು ಮಾರಿ ತವರಿಗೆ ಮರಳಿದಳು. ತಂದೆ ಅವಳನ್ನು ಸೆನ್ಲಿಸ್‌ನಲ್ಲಿ ಕಾವಲಿನಲ್ಲಿಟ್ಟ. ಅವಳು ಅಲ್ಲಿಂದ ತಪ್ಪಿಸಿಕೊಂಡು, ತಮ್ಮ ಲೂಯಿಯ ಒಪ್ಪಿಗೆ ಪಡೆದು, ಬಾಲ್ಡ್ವಿನ್ ಎಂಬ ಕೌಂಟ್‌ನ ಜೊತೆ ಓಡಿಹೋದಳು. ಅವರ ಸಂತತಿಯೇ ಮುಂದೆ ಫ್ಲಾಂಡರ್ಸ್ ಪ್ರಾಂತ್ಯವನ್ನು ಆಳಿತು.

ಒಂದು ಅಭಿಷೇಕ, ಒಬ್ಬ ಹುಡುಗಿ, ಒಬ್ಬ ಬಿಷಪ್, ಇಬ್ಬರು ಅರಸರು. ಹಳೆಯ ಪಠ್ಯಪುಸ್ತಕಗಳಲ್ಲಿ ಇದು ಒಂದು ಸಾಲಿನ ಸಂಗತಿ. ಈ ಸಾಲಿನ ಹಿಂದೆ ಆ ಕಾಲದ ಇಡೀ ರಾಜಕಾರಣ ಅಡಗಿದೆ ಎಂದು ತೋರಿಸಲು ಜೀವಮಾನವನ್ನೇ ಕೊಟ್ಟವರು ಇಂಗ್ಲೆಂಡಿನ ಇತಿಹಾಸಕಾರ್ತಿ ಜ್ಯಾನೆಟ್ ನೆಲ್ಸನ್. ಗೆಳೆಯರಿಗೂ ಶಿಷ್ಯರಿಗೂ ಅವರು ‘ಜಿಂಟಿ’. ಫ್ರಾಂಕರ ದೊರೆ ಷಾರ್ಲಮೇನ್ ಮತ್ತು ಅವನ ವಂಶದವರ ಕಾಲದ ಯುರೋಪನ್ನು ಇಂದು ಜಗತ್ತು ಬೇರೆ ಕಣ್ಣಿನಿಂದ ನೋಡುತ್ತಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು.

ಗುರುವಿನ ಪಾಠ, ಶಿಷ್ಯೆಯ ಪ್ರಶ್ನೆ

ನೆಲ್ಸನ್ ಹುಟ್ಟಿದ್ದು 1942ರ ಮಾರ್ಚ್ 28ರಂದು, ಇಂಗ್ಲೆಂಡಿನ ವಾಯವ್ಯ ಕಡಲತೀರದ ಬ್ಲ್ಯಾಕ್‌ಪೂಲ್‌ನಲ್ಲಿ. ಶಾಲೆ ಕೆಸ್ವಿಕ್‌ನಲ್ಲಿ, ಮುಂದಿನ ಓದು ಕೇಂಬ್ರಿಜ್‌ನ ನ್ಯೂನಮ್ ಕಾಲೇಜಿನಲ್ಲಿ. 1964ರಲ್ಲಿ ಪದವಿ, 1967ರಲ್ಲಿ ಪಿಎಚ್‌.ಡಿ. ಆರಂಭಿಕ ಮಧ್ಯಯುಗದ ಪಟ್ಟಾಭಿಷೇಕ ವಿಧಿಗಳೇ ಅವರ ಸಂಶೋಧನೆಯ ವಿಷಯ.

ಮಾರ್ಗದರ್ಶಕರಾಗಿದ್ದವರು ವಾಲ್ಟರ್ ಉಲ್‌ಮನ್. 1910ರಲ್ಲಿ ಆಸ್ಟ್ರಿಯಾದಲ್ಲಿ ಹುಟ್ಟಿ, 1938ರಲ್ಲಿ ನಾಜಿಗಳ ಕೈಯಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ಕಾನೂನು ಪಂಡಿತ. ಮಧ್ಯಯುಗದ ರಾಜಕೀಯ ಚಿಂತನೆಯನ್ನು ಅವರು ಎರಡು ಧಾರೆಗಳಲ್ಲಿ ಕಂಡಿದ್ದರು: ಅಧಿಕಾರ ದೇವರಿಂದ ಕೆಳಗಿಳಿದು ಬರುತ್ತದೆ ಎಂಬುದೊಂದು, ಜನರಿಂದ ಮೇಲೇರುತ್ತದೆ ಎಂಬುದು ಇನ್ನೊಂದು. ಅಭಿಷೇಕವಾದ ಗಳಿಗೆಯಿಂದ ಅರಸ ಚರ್ಚಿನ ಚೌಕಟ್ಟಿಗೆ ಸಿಲುಕಿದ, ಅವನ ಅಧಿಕಾರಕ್ಕೆ ಬಿಷಪ್ಪರು ಬೇಲಿ ಹಾಕಿದರು ಎಂಬುದು ಅವರ ವಾದದ ತಿರುಳು.

ನೆಲ್ಸನ್ ಗುರುವಿನಿಂದ ಪಡೆದದ್ದು ಪಠ್ಯವನ್ನು ಪದಪದವಾಗಿ ಓದುವ ಶಿಸ್ತನ್ನು. ಗುರುವಿನ ತೀರ್ಮಾನವನ್ನು ಅವರು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ತೈಲ ಹಚ್ಚಿದವರು ಬಿಷಪ್ಪರು, ನಿಜ. ಆದರೆ ಆ ಹೊತ್ತಿನಲ್ಲಿ ಸುತ್ತ ನಿಂತವರು ಯಾರು? ಅವರಲ್ಲಿ ಜಯಕಾರ ಹಾಕಿದವರು ಯಾರು, ಹಾಕದೆ ಸುಮ್ಮನಿದ್ದವರು ಯಾರು? ಅಭಿಷೇಕದ ಮರುದಿನ ಯಾರಿಗೆ ಏನು ಸಿಕ್ಕಿತು? ಸಿದ್ಧಾಂತದ ಎತ್ತರದಿಂದ ವಿಧಿಯನ್ನು ನೋಡುವ ಬದಲು, ಅದು ನಡೆದ ಅಂಗಳದಲ್ಲೇ ನಿಂತು ಈ ಪ್ರಶ್ನೆಗಳನ್ನು ಅವರು ಕೇಳಿದರು.

869ರ ಮೆಟ್ಸ್ ಪಟ್ಟಾಭಿಷೇಕ ಇದಕ್ಕೆ ಒಳ್ಳೆಯ ನಿದರ್ಶನ. ಆ ವರ್ಷ ಆಗಸ್ಟ್ 8ರಂದು ಬೋಳ ಚಾರ್ಲ್ಸನ ಅಣ್ಣನ ಮಗ ಎರಡನೇ ಲೋಥಾರ್ ಇಟಲಿಯಲ್ಲಿ ತೀರಿಕೊಂಡ. ಸುದ್ದಿ ಕೇಳಿದ್ದೇ ಚಾರ್ಲ್ಸ್ ಲೋಥಾರನ ರಾಜ್ಯದೊಳಕ್ಕೆ ಧಾವಿಸಿದ. ಸೆಪ್ಟೆಂಬರ್ 9ರಂದು ಮೆಟ್ಸ್‌ನ ಸೇಂಟ್ ಸ್ಟೀಫನ್ ಚರ್ಚಿನಲ್ಲಿ ಪಟ್ಟ ಕಟ್ಟಿಸಿಕೊಂಡ. ಮೊದಲು ಮಾತಾಡಿದವನು ಆ ಊರಿನ ಬಿಷಪ್ ಅಡ್ವೆಂಟಿಯಸ್. ಅನಂತರ ಸ್ವತಃ ಚಾರ್ಲ್ಸ್, ಎಲ್ಲರ ಮಾನ ಮತ್ತು ನ್ಯಾಯವನ್ನು ಕಾಯುವೆನೆಂದು ನೆರೆದವರಿಗೆ ಮಾತು ಕೊಟ್ಟ. ಆಮೇಲಷ್ಟೇ ಹಿಂಕ್ಮಾರ್ ಎದ್ದು ನಿಂತ. ಹಿಂದೆ ಫ್ರಾಂಕರ ಅರಸ ಕ್ಲೋವಿಸ್‌ನ ದೀಕ್ಷೆಗೆ ಸ್ವರ್ಗದಿಂದ ಇಳಿದುಬಂದ ತೈಲ ತಮ್ಮ ಬಳಿ ಇನ್ನೂ ಉಳಿದಿದೆ ಎಂದು ಸಾರಿದ. ಬಿಷಪ್ಪರು ಒಬ್ಬರಾದ ಮೇಲೊಬ್ಬರಂತೆ ಆಶೀರ್ವಚನ ಓದಿದರು. ಕ್ರಮವನ್ನು ಗಮನಿಸಿ: ಮೊದಲು ಭಾಷೆ, ಆಮೇಲೆ ತೈಲ. ಅರಸ ಮಾತು ಕೊಡದೆ ಕಿರೀಟವಿಲ್ಲ.

ಇಷ್ಟೆಲ್ಲ ಆದರೂ ಚಾರ್ಲ್ಸನಿಗೆ ಆ ರಾಜ್ಯ ಪೂರ್ತಿಯಾಗಿ ದಕ್ಕಲಿಲ್ಲ. ಮರುವರ್ಷವೇ, 870ರ ಆಗಸ್ಟಿನಲ್ಲಿ, ಮೇರ್ಸನ್ ಒಪ್ಪಂದದಲ್ಲಿ ಅಣ್ಣ ಜರ್ಮನ್ ಲೂಯಿಗೆ ಅದರ ಪಾಲು ಬಿಟ್ಟುಕೊಡಬೇಕಾಯಿತು. ಅಭಿಷೇಕದಿಂದ ಅರಸನಿಗೆ ಹಕ್ಕು ಬರುತ್ತಿತ್ತು; ಆ ಹಕ್ಕನ್ನು ಉಳಿಸಿಕೊಳ್ಳಲು ಜನಬಲ, ನಂಟಸ್ತಿಕೆ, ದಾನ, ಬೆದರಿಕೆ ಎಲ್ಲವೂ ಬೇಕಿದ್ದವು.

1980ರಲ್ಲಿ ಉಲ್‌ಮನ್ ಅವರ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಹೊರಬಂದ ಅಭಿನಂದನ ಗ್ರಂಥಕ್ಕೆ ನೆಲ್ಸನ್ ಕೊಟ್ಟ ಲೇಖನ, ಇಂದಿಗೂ ಉಳಿದಿರುವ ಅತಿ ಹಳೆಯ ಪಟ್ಟಾಭಿಷೇಕ ವಿಧಿಯ ಬಗ್ಗೆ. ವೆರ್ಬೆರಿಯಲ್ಲಿ ಜೂಡಿತ್‌ಗಾಗಿ ಹಿಂಕ್ಮಾರ್ ಬಳಸಿದ ಪ್ರಾರ್ಥನೆಗಳನ್ನು ಇಂಗ್ಲೆಂಡಿನ ಹಳೆಯ ಪ್ರಾರ್ಥನಾ ಗ್ರಂಥಗಳ ಜೊತೆ ಸಾಲುಸಾಲಾಗಿ ಹೋಲಿಸಿ, ಇಂಗ್ಲಿಷ್ ವಿಧಿಯೇ ಹಳೆಯದು, ಹಿಂಕ್ಮಾರ್ ಅದರಿಂದ ಎರವಲು ಪಡೆದ ಎಂದು ಅವರು ವಾದಿಸಿದರು. ಇಂಥ ಕ್ರಮಗಳು ಫ್ರಾಂಕರ ನಾಡಿನಿಂದ ಇಂಗ್ಲೆಂಡಿಗೆ ಹರಿದು ಬಂದವು ಎಂದು ನಂಬಿದ್ದ ವಿದ್ವಾಂಸರಿಗೆ ಇದು ಹೊಸ ಯೋಚನೆ ಹಚ್ಚಿತು. ಗುರುವಿಗೆ ಸಲ್ಲಿಸಿದ ಕಾಣಿಕೆಯಲ್ಲೂ ಶಿಷ್ಯೆ ತನ್ನದೇ ದಾರಿ ಹಿಡಿದಿದ್ದರು.

ರಾಣಿಯರು, ಸನ್ಯಾಸಿನಿಯರು

1970ರಲ್ಲಿ ನೆಲ್ಸನ್ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಅಧ್ಯಾಪಕಿಯಾದರು. 2007ರಲ್ಲಿ ನಿವೃತ್ತರಾಗುವವರೆಗೆ ಅದೇ ಅವರ ಮನೆ. 1987ರಲ್ಲಿ ರೀಡರ್, 1993ರಲ್ಲಿ ಪ್ರೊಫೆಸರ್.

1978ರಲ್ಲಿ ಅವರು, ಷಾರ್ಲಮೇನನ ವಂಶಕ್ಕಿಂತ ಮೊದಲು ಫ್ರಾಂಕರನ್ನು ಆಳಿದ ಮೆರೊವಿಂಜಿಯನ್ ವಂಶದ ಇಬ್ಬರು ರಾಣಿಯರ ಮೇಲೆ ಬರೆದ ಪ್ರಬಂಧವನ್ನು ಇವತ್ತಿಗೂ ತರಗತಿಗಳಲ್ಲಿ ಓದಿಸಲಾಗುತ್ತದೆ. ಮೊದಲನೆಯವಳು ಬ್ರೂನ್‌ಹಿಲ್ಡ್, ಸ್ಪೇನಿನಿಂದ ಬಂದ ವಿಸಿಗಾಥ್ ರಾಜಕುಮಾರಿ. ಗಂಡ, ಮಗ, ಮೊಮ್ಮಕ್ಕಳ ಕಾಲದಲ್ಲೆಲ್ಲ ರಾಜ್ಯಭಾರದ ನಡುವೆ ಇದ್ದವಳು, 613ರಲ್ಲಿ ಶತ್ರುವಿನ ಕೈಗೆ ಸಿಕ್ಕಿದಳು. ಮುದಿವಯಸ್ಸಿನ ಅವಳನ್ನು ಹಿಂಸಿಸಿ, ಕುದುರೆಗೆ ಕಟ್ಟಿ ಎಳೆಸಿ ಕೊಂದರು. ಎರಡನೆಯವಳು ಬಾಲ್ಟಿಲ್ಡ್. ಇಂಗ್ಲೆಂಡಿನಿಂದ ಅಗ್ಗದ ಬೆಲೆಗೆ ಮಾರಾಟವಾಗಿ ಬಂದ ಗುಲಾಮಳು. ಅರಮನೆಯ ಮುಖ್ಯಾಧಿಕಾರಿಯ ಮನೆಯಲ್ಲಿ ಪಾನಪಾತ್ರೆ ಒಯ್ಯುತ್ತಿದ್ದವಳನ್ನು ಅರಸ ಎರಡನೇ ಕ್ಲೋವಿಸ್ ಮದುವೆಯಾದ. ಅವನು ಸತ್ತ ಮೇಲೆ ಎಳೆಯ ಮಗನ ಪರವಾಗಿ ಅವಳೇ ಆಳಿದಳು, ಕಾರ್ಬಿ ಮತ್ತು ಶೆಲ್ ಮಠಗಳನ್ನು ಕಟ್ಟಿಸಿದಳು, ಕ್ರೈಸ್ತ ಸೆರೆಯಾಳುಗಳ ಮಾರಾಟವನ್ನು ನಿಷೇಧಿಸಿದಳು.

ಬಾಲ್ಟಿಲ್ಡ್ ಸತ್ತ ಮೇಲೆ ಸಂತಳೆನಿಸಿದಳು. ಆದರೂ ಇಂಗ್ಲೆಂಡಿನ ಒಬ್ಬ ಜೀವನಚರಿತ್ರೆಕಾರ ಅವಳನ್ನು ಬೈಬಲ್ಲಿನ ದುಷ್ಟ ರಾಣಿ ಜೆಜೆಬೆಲ್‌ಗೆ ಹೋಲಿಸಿ ಜರೆದ. ಬ್ರೂನ್‌ಹಿಲ್ಡಳಿಗೂ ಇದೇ ಬೈಗುಳ ಅಂಟಿತ್ತು. ಇವರು ಒಳ್ಳೆಯವರೋ ಕೆಟ್ಟವರೋ ಎಂಬ ಪಂಚಾಯಿತಿಗೆ ನೆಲ್ಸನ್ ಇಳಿಯಲಿಲ್ಲ. ರಾಣಿಯ ಬಲ ಎಲ್ಲಿಂದ ಬರುತ್ತಿತ್ತು ಎಂದು ಹುಡುಕಿದರು. ಅರಮನೆಯ ಭಂಡಾರ, ಬಿಷಪ್ಪರ ನೇಮಕ, ಮಠಗಳ ಜೊತೆಗಿನ ನಂಟು, ಎಳೆಯ ಅರಸನ ಪಾಲನೆ: ಇವೇ ಅವಳ ಆಯುಧಗಳು. ಅರಸೊತ್ತಿಗೆ ಒಂದು ಮನೆತನದ ವ್ಯವಹಾರವಾಗಿದ್ದ ಕಾಲದಲ್ಲಿ ಮನೆಯ ಹೆಂಗಸು ರಾಜಕಾರಣದಿಂದ ಹೊರಗಿರಲು ಸಾಧ್ಯವೇ ಇರಲಿಲ್ಲ. ಅವಳ ಬಲಕ್ಕೆ ತಳಹದಿ ಇದ್ದಂತೆ ಮಿತಿಯೂ ಇತ್ತು. ಗಂಡ ಸತ್ತರೆ, ಮಗ ಪ್ರಾಯಕ್ಕೆ ಬಂದರೆ ಎಲ್ಲವೂ ಕೈಜಾರಬಹುದಿತ್ತು. ಬಾಲ್ಟಿಲ್ಡ್ ಕೊನೆಗೆ ಸೇರಿದ್ದು ತಾನೇ ಕಟ್ಟಿಸಿದ ಶೆಲ್ ಮಠವನ್ನು.

ಶೆಲ್‌ನ ಹೆಸರು ನೆಲ್ಸನ್ ಬರಹದಲ್ಲಿ ಮತ್ತೆ ಬರುತ್ತದೆ. ಷಾರ್ಲಮೇನನ ತಂಗಿ ಗಿಸೆಲಾ ಅಲ್ಲಿ ಮಠಾಧಿಪತಿಯಾಗಿದ್ದಳು, ಅಲ್ಲಿನ ಸನ್ಯಾಸಿನಿಯರು ಪುಸ್ತಕಗಳನ್ನು ನಕಲು ಮಾಡುತ್ತಿದ್ದರು. ಷಾರ್ಲಮೇನನ ವಂಶವನ್ನು ಹೊಗಳುವ, ಬರೆದವರ ಹೆಸರಿಲ್ಲದ ಒಂದು ವರ್ಷವೃತ್ತಾಂತ ಆ ಮಠದಲ್ಲೇ ಹುಟ್ಟಿರಬಹುದು ಎಂದು ನೆಲ್ಸನ್ ಸೂಚಿಸಿದರು. ಹೆಸರಿಲ್ಲದ ಬರಹಗಳೆಲ್ಲ ಗಂಡಸರವೇ ಎಂದು ಶತಮಾನಗಳಿಂದ ಎಣಿಸಿಕೊಂಡು ಬಂದಿದ್ದ ವಿದ್ವತ್ತಿಗೆ ಇದು ಗಂಭೀರ ಸವಾಲು.

ಯುದ್ಧದ ನಡುವೆ ಬರೆದವನು

840ರಲ್ಲಿ ಷಾರ್ಲಮೇನನ ಮಗ ಲೂಯಿ ಸತ್ತಾಗ ಅವನ ಮೂವರು ಮಕ್ಕಳ ನಡುವೆ ದಾಯಾದಿ ಕಲಹ ಹೊತ್ತಿಕೊಂಡಿತು. ಕಿರಿಯವನಾದ ಬೋಳ ಚಾರ್ಲ್ಸ್ ತನ್ನ ಕಡೆಯ ವೃತ್ತಾಂತ ಬರೆಯಲು ನಿತಾರ್ಡ್‌ಗೆ ಹೇಳಿದ. ನಿತಾರ್ಡ್ ಷಾರ್ಲಮೇನನ ಮಗಳು ಬರ್ತಾಳ ಮಗ. ಕತ್ತಿ ಹಿಡಿದು ಕಾದಾಡಿದ ಯೋಧ, ಲೇಖನಿಯನ್ನೂ ಬಲ್ಲವನು. 841ರ ಜೂನ್ 25ರ ಫಾಂಟನಾಯ್ ಕದನದಲ್ಲಿ ಅವನೂ ಹೋರಾಡಿದ. ಅದೇ ವರ್ಷ ಅಕ್ಟೋಬರ್ 18ರಂದು ಲ್ವಾರ್ ನದಿಯ ದಂಡೆಯಲ್ಲಿ ಕುಳಿತು ಬರೆಯುತ್ತಿದ್ದಾಗ ಸೂರ್ಯಗ್ರಹಣವಾಯಿತು. ಅದನ್ನೂ ಬರಹದೊಳಗೇ ಸೇರಿಸಿಬಿಟ್ಟ. 842ರ ಫೆಬ್ರುವರಿಯಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಚಾರ್ಲ್ಸ್ ಮತ್ತು ಅವನ ಅಣ್ಣ ಜರ್ಮನ್ ಲೂಯಿ ಸೈನ್ಯಗಳೆದುರು ಜನರ ಆಡುಮಾತಿನಲ್ಲೇ ಮಾಡಿದ ಪ್ರತಿಜ್ಞೆಗಳು ನಮಗೆ ಉಳಿದಿರುವುದು ನಿತಾರ್ಡನ ಕೃತಿಯಲ್ಲಿ ಮಾತ್ರ.

ಇತಿಹಾಸಕಾರರು ಆ ಪ್ರತಿಜ್ಞೆಗಳಿಗಾಗಿ ನಿತಾರ್ಡನನ್ನು ಉದ್ಧರಿಸಿ ಮುಂದೆ ಸಾಗುತ್ತಿದ್ದರು. 1985ರ ಲೇಖನವೊಂದರಲ್ಲಿ ನೆಲ್ಸನ್ ಅವನ ಕೃತಿಯ ನಾಲ್ಕು ಭಾಗಗಳನ್ನೂ ಒಟ್ಟಿಗೆ ಇಟ್ಟು ಓದಿದರು. ಮೊದಲ ಭಾಗಗಳಲ್ಲಿ ಒಡೆಯನ ಪಕ್ಷದ ಉತ್ಸಾಹ. ಕೊನೆಯ ಭಾಗದಲ್ಲಿ ಬೇಸರ, ಕಹಿ, ಲೋಕ ಕೆಟ್ಟಿತೆಂಬ ಕೊರಗು. ಈ ಬದಲಾವಣೆಗೆ ಕಾರಣವೇನು? 842ರ ಕೊನೆಯಲ್ಲಿ ಚಾರ್ಲ್ಸ್ ಪ್ರಬಲ ಸರದಾರ ಅಡಲಾರ್ಡ್‌ನ ಸೋದರ ಸೊಸೆಯನ್ನು ಮದುವೆಯಾದ. ಅಡಲಾರ್ಡ್‌ನ ಬಳಗ ಮೇಲೇರಿತು. ರಾಜ್ಯ ಹಂಚಿಕೆಯ ಹೊಂದಾಣಿಕೆಯಲ್ಲಿ ನಿತಾರ್ಡ್ ತನ್ನ ಉಂಬಳಿಯ ಭೂಮಿ ಕಳೆದುಕೊಂಡ. ಸಾರ್ವಜನಿಕ ಚರಿತ್ರೆಯೆಂದು ಶುರುವಾದ ಕೃತಿ ನೊಂದವನೊಬ್ಬನ ಸ್ವಂತ ಅಳಲಾಗಿ ಮುಗಿಯಿತು ಎಂಬುದು ಅವರ ವಿಶ್ಲೇಷಣೆ. ಬರೆದವನ ಹೊಲ ಯಾವುದು, ನಂಟರು ಯಾರು, ಯಾರ ಮೇಲೆ ಮುನಿಸು ಎಂದು ತಿಳಿಯದೆ ಅವನ ಸಾಕ್ಷ್ಯವನ್ನು ತೂಗಲಾಗದು ಎಂಬ ಪಾಠ ಇದರಲ್ಲಿದೆ.

ಸೋತ ಒಕ್ಕಲುಗಳು, ಗೆದ್ದ ದಾಖಲೆ

ಅರಸನ ಚರಿತ್ರೆ ಬರೆಯುವವರು ಅರಮನೆಯಲ್ಲೇ ಉಳಿದುಬಿಡುತ್ತಾರೆ ಎಂಬ ದೂರು ನೆಲ್ಸನ್ ಅವರಿಗೆ ಅನ್ವಯಿಸದು. ಶ್ರಾಪ್‌ಶೈರ್‌ನ ಬಕ್ನೆಲ್ ಎಂಬ ಹಳ್ಳಿಯಲ್ಲಿ, ಇತಿಹಾಸಕಾರ್ತಿ ವೆಂಡಿ ಡೇವಿಸ್ ಅವರ ಮನೆಯಲ್ಲಿ, ಗೆಳೆಯರ ಗುಂಪೊಂದು ಸೇರಿ ಹಳೆಯ ದಾಖಲೆಪತ್ರಗಳನ್ನು ಕೂಡಿ ಓದುತ್ತಿತ್ತು. ನೆಲ್ಸನ್ ಅದರಲ್ಲಿ ಒಬ್ಬರು. ವ್ಯಾಜ್ಯ ತೀರ್ಮಾನಗಳ ಬಗ್ಗೆ ಆ ಗುಂಪು 1986ರಲ್ಲಿ ತಂದ ಪುಸ್ತಕದಲ್ಲಿ ಪಶ್ಚಿಮ ಫ್ರಾಂಕರ ನಾಡಿನ ಭಾಗ ಅವರದು.

ಆ ನಾಡಿನ ಒಂದು ವ್ಯಾಜ್ಯ 828ರ ಜೂನ್‌ನದು. ಆಂತ್ವಾನ್ಯೇ ಊರಿನ ಒಕ್ಕಲುಗಳು ಅಕ್ವಿಟೇನಿನ ಅರಸ ಪಿಪಿನ್‌ನ ಅರಮನೆಯವರೆಗೆ ನಡೆದು ಬಂದು ದೂರು ಕೊಟ್ಟರು. ತಮ್ಮ ಒಡೆಯನಾದ ಕಾರ್ಮೆರಿ ಮಠ ಪೂರ್ವಿಕರ ಕಾಲದಿಂದ ಕೊಟ್ಟುಕೊಂಡು ಬಂದದ್ದಕ್ಕಿಂತ ಹೆಚ್ಚು ಗೇಣಿ ವಸೂಲು ಮಾಡುತ್ತಿದೆ ಎಂಬುದು ಅವರ ಅಹವಾಲು. ಮಠದ ಪರವಾಗಿ ಬಂದವರು ಷಾರ್ಲಮೇನನ ಕಾಲದ ಒಂದು ದಾಖಲೆಯನ್ನು ಮುಂದಿಟ್ಟರು. ಆಗ ಆ ಊರಿನವರು ಪ್ರಮಾಣ ಮಾಡಿ ಒಪ್ಪಿಕೊಂಡಿದ್ದ ಗೇಣಿಯ ಪಟ್ಟಿ ಅದು. ಅದನ್ನು ಓದಿಸಿದಾಗ ಒಕ್ಕಲುಗಳು ಅಲ್ಲಗಳೆಯಲಾಗಲಿಲ್ಲ. ಅವರು ಸೋತರು.

ಈ ಸೋಲಿನಲ್ಲೂ ಕಲಿಯಬೇಕಾದದ್ದಿದೆ. ಒಂಬತ್ತನೇ ಶತಮಾನದ ಬೇಸಾಯಗಾರರು ಅರಸನ ನ್ಯಾಯಸ್ಥಾನ ತಮಗೂ ತೆರೆದಿದೆ ಎಂದು ನಂಬಿ ಅಲ್ಲಿಯವರೆಗೆ ಹೋದರು. ನ್ಯಾಯಸ್ಥಾನ ಲಿಖಿತ ಪುರಾವೆಗೆ ಬೆಲೆ ಕೊಟ್ಟಿತು. ಪುರಾವೆ ಇಟ್ಟುಕೊಂಡವರು ಒಡೆಯರಾಗಿದ್ದರು. ಅರಸೊತ್ತಿಗೆ ಹೊಲದವರೆಗೆ ಹೇಗೆ ಚಾಚಿಕೊಂಡಿತ್ತು, ಯಾರ ಪರವಾಗಿ ವಾಲಿತ್ತು ಎಂಬುದು ಇಂಥ ಪ್ರಕರಣಗಳಿಂದ ತಿಳಿಯುತ್ತದೆ.

ದುರ್ಬಲನೆನಿಸಿಕೊಂಡ ಅರಸನ ಮರುವಿಚಾರಣೆ

1991ರಲ್ಲಿ ನೆಲ್ಸನ್ ಅವರ ‘ಸೇಂಟ್ ಬೆರ್ಟಿನ್ ವರ್ಷವೃತ್ತಾಂತ’ದ ಇಂಗ್ಲಿಷ್ ಅನುವಾದ ಟಿಪ್ಪಣಿಗಳ ಸಮೇತ ಪ್ರಕಟವಾಯಿತು. ಮರುವರ್ಷ ಬೋಳ ಚಾರ್ಲ್ಸನ ಜೀವನಚರಿತ್ರೆ ಬಂತು. ಒಂದು ಮೂಲ ಸಾಕ್ಷ್ಯ, ಇನ್ನೊಂದು ಅದರ ಮೇಲೆ ಕೊಟ್ಟ ತೀರ್ಪು. ಎರಡನ್ನೂ ಜೊತೆಗಿಟ್ಟು ಓದಬೇಕು.

ಈ ವರ್ಷವೃತ್ತಾಂತವನ್ನು 835ರಿಂದ 861ರವರೆಗೆ ಬರೆದವನು ಟ್ರ್ವಾ ಊರಿನ ಬಿಷಪ್ ಪ್ರುಡೆಂಟಿಯಸ್. ಆಮೇಲೆ 882ರವರೆಗೆ ಹಿಂಕ್ಮಾರ್. ಹಿಂಕ್ಮಾರ್ ಅರಸನ ಸಲಹೆಗಾರ, ಬೇಕಾದಾಗ ಟೀಕಾಕಾರ. ಅವನ ಬರಹದಲ್ಲಿ ಮೆಚ್ಚುಗೆ, ಕೋಪ, ಲೆಕ್ಕಾಚಾರ ಎಲ್ಲವೂ ಕಾಣುತ್ತವೆ. ಕೊನೆಯ ವರ್ಷದ ಪುಟಗಳಲ್ಲಿ ವೈಕಿಂಗರು ರೀಮ್ಸ್‌ನತ್ತ ಬರುತ್ತಿದ್ದಾರೆ. ಊರಿಗೆ ಕೋಟೆಯ ಗೋಡೆಯಿಲ್ಲ. ನಡೆಯಲಾಗದ ಮುದುಕ ಹಿಂಕ್ಮಾರ್ ರಾತ್ರಿ ಹೊತ್ತಿನಲ್ಲಿ ಸಂತ ರೆಮಿಯ ದೇಹವನ್ನೂ ಚರ್ಚಿನ ಒಡವೆಗಳನ್ನೂ ತೆಗೆದುಕೊಂಡು, ಹೊರುವ ಕುರ್ಚಿಯಲ್ಲಿ ಕುಳಿತು, ಮಾರ್ನ್ ನದಿಯಾಚೆಯ ಎಪರ್ನೇಗೆ ತಪ್ಪಿಸಿಕೊಂಡ. ಅಲ್ಲಿಂದಲೂ ಬರೆದ. ಆ ಡಿಸೆಂಬರಿನಲ್ಲಿ ಸತ್ತ.

ವೈಕಿಂಗರಿಗೆ ಹಣ ಕೊಟ್ಟು ಕಳಿಸಿದವನು, ಸರದಾರರನ್ನು ಹದ್ದಿನಲ್ಲಿಡಲಾಗದವನು ಎಂಬುದು ಚಾರ್ಲ್ಸನ ಬಗ್ಗೆ ಚಾಲ್ತಿಯಲ್ಲಿದ್ದ ಅಭಿಪ್ರಾಯ. 845ರಲ್ಲಿ ಪ್ಯಾರಿಸ್‌ವರೆಗೆ ಬಂದ ವೈಕಿಂಗರಿಗೆ ಅವನು 7000 ಪೌಂಡ್ ಬೆಳ್ಳಿ ತೆತ್ತದ್ದು ನಿಜ. ಅಷ್ಟು ಬೆಳ್ಳಿಯನ್ನು ಒಟ್ಟುಗೂಡಿಸಬಲ್ಲ ಆಡಳಿತ ಅವನ ಬಳಿ ಇತ್ತು ಎಂಬುದೂ ಅಷ್ಟೇ ನಿಜ. 864ರ ಜೂನ್ 25ರಂದು ಪೀತ್ರ್ ಎಂಬಲ್ಲಿ ಅವನು ಹೊರಡಿಸಿದ ಶಾಸನ ಹಳೆಯ ನಾಣ್ಯಗಳನ್ನು ಚಲಾವಣೆಯಿಂದ ತೆಗೆದು, ಹೊಸ ಬೆಳ್ಳಿ ನಾಣ್ಯ ತಂದಿತು. ಸಂತ ಮಾರ್ಟಿನನ ಹಬ್ಬದ ನಂತರ ಹೊಸ ನಾಣ್ಯ ಬಿಟ್ಟು ಬೇರೆ ನಡೆಯದು ಎಂದು ಕಟ್ಟಪ್ಪಣೆಯಾಯಿತು. ಸೇನ್ ನದಿಯಲ್ಲಿ ವೈಕಿಂಗ್ ದೋಣಿಗಳನ್ನು ತಡೆಯಲು ಭದ್ರವಾದ ಸೇತುವೆ ಕಟ್ಟಿಸಲಾಯಿತು. ನಾಣ್ಯ, ಟಂಕಸಾಲೆ, ವ್ಯಾಪಾರ, ಸಭೆ, ಸಂಧಾನ ಇವನ್ನೆಲ್ಲ ಕೂಡಿಸಿ ನೋಡಿದ ನೆಲ್ಸನ್, ಚಾರ್ಲ್ಸ್ ಇಕ್ಕಟ್ಟಿನಲ್ಲಿ ಜಾಣತನದಿಂದ ಆಳಿದ ಅರಸ ಎಂದು ತೀರ್ಮಾನಿಸಿದರು. ಸರದಾರರ ಜೊತೆ ಮಾತುಕತೆ ನಡೆಸುವುದು ಆ ಕಾಲದ ಅರಸನಿಗೆ ಆಡಳಿತದ ರೀತಿಯೇ ಆಗಿತ್ತು. ಅದನ್ನು ದೌರ್ಬಲ್ಯವೆಂದು ಎಣಿಸಿದ್ದೇ ಹಿಂದಿನವರ ತಪ್ಪು.

ಹೆಂಡತಿಗೆ ಬರೆದ ಕಾಗದ

ಗೌರವಗಳು ತಾವಾಗಿ ಬಂದವು. 1996ರಲ್ಲಿ ಬ್ರಿಟಿಷ್ ಅಕಾಡೆಮಿಯ ಫೆಲೊ. 1868ರಲ್ಲಿ ಹುಟ್ಟಿದ ರಾಯಲ್ ಹಿಸ್ಟಾರಿಕಲ್ ಸೊಸೈಟಿಗೆ ಈ ಶತಮಾನದ ಆರಂಭದಲ್ಲಿ ಮೊದಲ ಮಹಿಳಾ ಅಧ್ಯಕ್ಷೆ. 2006ರಲ್ಲಿ ‘ಡೇಮ್’ ಪದವಿ. ನಿವೃತ್ತಿಯ ನಂತರವೂ ಷಾರ್ಲಮೇನ್ ಕಾಲದ ದಾನಪತ್ರ, ಕ್ರಯಪತ್ರಗಳನ್ನು ಎಲ್ಲರಿಗೂ ಎಟುಕುವಂತೆ ಕಂಪ್ಯೂಟರಿಗೆ ಏರಿಸಿದ ಕಿಂಗ್ಸ್ ಕಾಲೇಜಿನ ಯೋಜನೆಯಲ್ಲಿ ಅವರು ದುಡಿದರು.

2019ರಲ್ಲಿ, ಎಪ್ಪತ್ತೇಳರ ವಯಸ್ಸಿನಲ್ಲಿ, ಅವರ ಷಾರ್ಲಮೇನ್ ಜೀವನಚರಿತ್ರೆ ಹೊರಬಂತು. ಷಾರ್ಲಮೇನನ ಆಸ್ಥಾನದಲ್ಲಿದ್ದ ಐನ್‌ಹಾರ್ಡ್ ಬರೆದ ಚಿತ್ರವನ್ನೇ ಹಿಂದಿನವರು ಹೆಚ್ಚಾಗಿ ನಂಬಿದ್ದರು. ದೊರೆಯ ಬಾಲ್ಯದ ಬಗ್ಗೆ ಹೇಳಬಲ್ಲವರು ಯಾರೂ ಉಳಿದಿಲ್ಲ ಎಂದಿದ್ದ ಐನ್‌ಹಾರ್ಡ್. ನೆಲ್ಸನ್ ಚದುರಿದ ಸಣ್ಣ ಸಾಕ್ಷ್ಯಗಳ ಕಡೆ ತಿರುಗಿದರು. 774ರಲ್ಲಿ ಪಾವಿಯಾ ಮುತ್ತಿಗೆಯ ಶಿಬಿರದಲ್ಲಿ ಹುಟ್ಟಿ ಶಿಶುವಾಗಿಯೇ ತೀರಿಕೊಂಡ ಮಗಳು ಅಡೆಲೈಡ್‌ಳ ಸಮಾಧಿ ಲೇಖ, ಸ್ಯಾಕ್ಸನ್ ಒತ್ತೆಯಾಳುಗಳ ಹೆಸರಿನ ಪಟ್ಟಿ, ದಾನಪತ್ರಗಳ ಕೊನೆಯ ಸಾಲುಗಳು.

ಅಂಥ ಸಾಕ್ಷ್ಯಗಳಲ್ಲಿ ಮನಮುಟ್ಟುವಂಥದ್ದು 791ರಲ್ಲಿ ಷಾರ್ಲಮೇನ್ ಹೆಂಡತಿ ಫಾಸ್ಟ್ರಾಡಾಳಿಗೆ ಬರೆಸಿದ ಕಾಗದ. ಅವರ್ ಎಂಬ ಜನಾಂಗದ ಮೇಲಿನ ದಂಡಯಾತ್ರೆಯ ಶಿಬಿರದಿಂದ ಹೊರಟದ್ದು. ಮಗನ ಕಡೆಯ ಸೈನ್ಯ ಗೆದ್ದ ಸುದ್ದಿ ಅದರಲ್ಲಿದೆ. ಶಿಬಿರದಲ್ಲಿ ಮೂರು ದಿನ ಪ್ರಾರ್ಥನೆ, ಉಪವಾಸ ನಡೆದ ವಿವರವಿದೆ. ಯಾರೂ ಮಾಂಸ, ವೈನ್ ಮುಟ್ಟುವಂತಿಲ್ಲ. ರೋಗಿಗಳು, ಮುದುಕರು, ಎಳೆಯರಿಗೆ ಮಾತ್ರ ವಿನಾಯಿತಿ. ವೈನ್ ಬೇಕೇಬೇಕೆನ್ನುವ ಸ್ಥಿತಿವಂತರು ದಿನಕ್ಕೊಂದು ಸಾಲಿಡಸ್ ನಾಣ್ಯ ದಾನ ಕೊಡಬೇಕು, ಇಲ್ಲದವರು ಕನಿಷ್ಠ ಒಂದು ಡಿನೇರಿಯಸ್ ಆದರೂ. ಊರಿನಲ್ಲೂ ಈ ಪ್ರಾರ್ಥನೆಗಳನ್ನು ನಡೆಸು, ನಿನ್ನ ಆರೋಗ್ಯ ನೋಡಿಕೊಂಡು ಉಪವಾಸದ ಮಾತು ನೀನೇ ತೀರ್ಮಾನಿಸು ಎನ್ನುತ್ತಾನೆ. ಕೊನೆಗೆ, ನಿನ್ನಿಂದ ದೂತನೂ ಬಂದಿಲ್ಲ, ಕಾಗದವೂ ಬಂದಿಲ್ಲವಲ್ಲ ಎಂದು ಕೇಳುತ್ತಾನೆ. ಯುದ್ಧ, ಧರ್ಮ, ಆಡಳಿತ, ದಾಂಪತ್ಯ ನಾಲ್ಕೂ ಒಂದೇ ಓಲೆಯಲ್ಲಿ ಬೆರೆತಿವೆ. ದೊರೆ ಗಡಿಯಲ್ಲಿದ್ದಾಗ ನಾಡಿನ ಪ್ರಾರ್ಥನೆಯ ಹೊಣೆ ರಾಣಿಯದು. ಅರಸೊತ್ತಿಗೆ ಮನೆಯೊಳಗಿನಿಂದಲೂ ನಡೆಯುತ್ತಿತ್ತು ಎಂದು ನೆಲ್ಸನ್ ನಲವತ್ತು ವರ್ಷ ಹೇಳಿದ್ದಕ್ಕೆ ಷಾರ್ಲಮೇನನೇ ಸಾಕ್ಷಿ.

2024ರ ಅಕ್ಟೋಬರ್ 14ರಂದು, ಎಂಬತ್ತೆರಡರ ವಯಸ್ಸಿನಲ್ಲಿ, ಜ್ಯಾನೆಟ್ ನೆಲ್ಸನ್ ತೀರಿಕೊಂಡರು. ಅವರ ಕೆಲವು ವಾದಗಳನ್ನು ಮುಂದಿನವರು ತಿದ್ದಬಹುದು, ಕೆಲವನ್ನು ಕೈಬಿಡಬಹುದು. ವಿದ್ವತ್ತಿನ ರೀತಿಯೇ ಅದು. ಆದರೆ ಹೆಂಡತಿ, ತಾಯಿ, ಬಿಷಪ್, ಸರದಾರ, ಒಕ್ಕಲು ಇವರನ್ನೆಲ್ಲ ಬಿಟ್ಟು ಮಧ್ಯಯುಗದ ದೊರೆಯೊಬ್ಬನ ಚರಿತ್ರೆ ಬರೆಯುವ ಕಾಲ ಮುಗಿಯಿತು. ಅದನ್ನು ಮುಗಿಸಿದವರಲ್ಲಿ ನೆಲ್ಸನ್ ಮುಂಚೂಣಿಯವರು. ಯುರೋಪಿನ ಆ ಯುಗವನ್ನು ತಿಳಿಯಬಯಸುವ ನಮ್ಮ ವಿದ್ಯಾರ್ಥಿಗಳು ಷಾರ್ಲಮೇನನ ಬೃಹತ್ ಚರಿತ್ರೆಯಿಂದ ತೊಡಗುವುದು ಬೇಡ. ಅವರ 1991ರ ಅನುವಾದವನ್ನು ಮೊದಲು ಕೈಗೆತ್ತಿಕೊಳ್ಳಲಿ. ಹಿಂಕ್ಮಾರ್ ಬರೆದದ್ದನ್ನು ತಾವೇ ಓದಿ, ಅವನು ಯಾಕೆ ಹಾಗೆ ಬರೆದ ಎಂದು ತಾವೇ ಕೇಳಿಕೊಳ್ಳಲಿ. ನೆಲ್ಸನ್ ತಮ್ಮ ಶಿಷ್ಯರಿಂದ ಬಯಸಿದ್ದೂ ಅದನ್ನೇ.